ಪಿಐಒಗೆ ಬಿದ್ದ ಹಾರ್ಡ್ ಡಿಸ್ಕ್

ಹಳೇ ಕಂಪ್ಯೂಟರ್‌ನಲ್ಲಿ ಫೈಲ್ ಕಾಪಿ ನಿಧಾನವಾದರೆ ಜನ ಹೇಳುವುದು ಎರಡೇ ಮಾತು. ವೈರಸ್ ಬಂದಿದೆ, ಇಲ್ಲಾಂದ್ರೆ ಡಿಸ್ಕ್ ಹೋಗ್ತಿದೆ. ನಾನು ಮೊದಲು ತೆರೆಯುವುದು ಟಾಸ್ಕ್ ಮ್ಯಾನೇಜರ್. ಕಾಪಿ ಹಾಕಿದ ಕೂಡಲೇ ಸಿಪಿಯು ಮೇಲೇರಿ ಅಲ್ಲೇ ನಿಂತರೆ, ಮೌಸ್ ಕೂಡ ತಡೆದು ತಡೆದು ಓಡಾಡಿದರೆ, ನನ್ನ ಅನುಮಾನ ಡಿಸ್ಕಿನ ಮೇಲೆ ಹೋಗುವುದಿಲ್ಲ. ಅದು ಪಿಐಒ ಅನ್ನೋ ನಿಧಾನದ ಮೋಡಿಗೆ ಬಿದ್ದಿರಬೇಕು ಅಂದುಕೊಳ್ಳುತ್ತೇನೆ.

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಹೀಗೇ ಆಗಿತ್ತು. ಪೆಂಟಿಯಂ 4, 80 ಜಿಬಿ ಐಡಿಇ ಡಿಸ್ಕ್ (ಚಪ್ಪಟೆ ಕೇಬಲ್ಲಿನ ಹಳೇ ಬಗೆಯದು), ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರಲ್ಲೇ ಕೈಬಿಟ್ಟಿದೆ. ಆದರೆ ನುಡಿ ಫಾಂಟ್ ಹಾಕಿ ಪೇಜ್‌ಮೇಕರ್‌ನಲ್ಲಿ ಮಾಡಿದ ಲಗ್ನಪತ್ರಿಕೆ, ಕರಪತ್ರ ಎಲ್ಲಾ ಅದರಲ್ಲೇ ಇವೆ, ಬಿಡೋದು ಹೇಗೆ?

"ಬೆಳಗ್ಗೆ ಕಾಪಿಗೆ ಹಾಕಿದ್ರೆ ಊಟದ ಹೊತ್ತಾದ್ರೂ ಮುಗಿಯಲ್ಲ ಕಣಪ್ಪಾ. ಹೊಸ ಡಿಸ್ಕೇ ಹಾಕ್ಬಿಡು" ಅಂದರು ಯಜಮಾನರು.

"ತಡೀರಿ ಅಣ್ಣಾ, ಐಡಿಇ ಡಿಸ್ಕ್ ಹೊಸದು ಈಗ ಎಲ್ಲಿ ಸಿಗುತ್ತೆ?" ಅಂದೆ.

ಅವರು ಕಾಪಿ ಹಾಕುತ್ತಿದ್ದುದು ಯುಎಸ್‌ಬಿ ಎಕ್ಸ್‌ಟರ್ನಲ್ ಡಿಸ್ಕಿಗೆ. ಯುಎಸ್‌ಬಿಯನ್ನು ಲೆಕ್ಕದಿಂದ ಹೊರಗಿಡಲು ಒಂದು ದೊಡ್ಡ ಫೈಲನ್ನು ಡಿ ಡ್ರೈವ್‌ನಿಂದ ಸಿ ಡ್ರೈವ್‌ಗೆ ಹಾಕಿ ನೋಡಿದೆ. ಅಲ್ಲೂ ಆಮೆ ನಡಿಗೆಯೇ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರಿನಲ್ಲಿ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ತೆಗೆದೆ. 05 ಮತ್ತು ಸಿ5, ಅಂದರೆ ಕೆಟ್ಟ ಸೆಕ್ಟರ್‌ಗಳ ಲೆಕ್ಕ, ಎರಡೂ ಸೊನ್ನೆ. ಸಿ7 ಮಾತ್ರ ಏರಿತ್ತು. ಇದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಡೇಟಾ ಕೆಟ್ಟು ಬಂದ ಲೆಕ್ಕ. ಸಾಮಾನ್ಯವಾಗಿ ಕೇಬಲ್ಲಿನ ಕಾಯಿಲೆ. 05, ಸಿ5 ಏರಿದ್ದರೆ ಬೇರೇನೂ ಮುಟ್ಟದೆ ಮೊದಲು ಬೇಕಾದ ಫೈಲ್ ಹೊರತೆಗೆಯುತ್ತಿದ್ದೆ. ಸಾಯ್ತಿರೋ ಡಿಸ್ಕಿಗೆ ಡಿಫ್ರಾಗ್ (ಚದುರಿದ ಫೈಲ್ ಚೂರುಗಳನ್ನು ಒಟ್ಟು ಮಾಡೋ ಕೆಲಸ) ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರೈಮರಿ ಐಡಿಇ ಚಾನೆಲ್ (ಡಿಸ್ಕ್ ಸಿಕ್ಕಿಸಿದ ದಾರಿ), ಅದರ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದೆ. ಮೇಲೆ 'ಡಿಎಂಎ ಇಫ್ ಅವೈಲಬಲ್' ಅಂತಲೇ ಇದೆ. ಕೆಳಗೆ ಈಗ ನಡೀತಿರೋದು 'ಪಿಐಒ ಮೋಡ್'! ಡಿಎಂಎಯಲ್ಲಿ ಡೇಟಾ ಡಿಸ್ಕಿನಿಂದ ನೇರವಾಗಿ ಮೆಮೊರಿಗೆ ಹೋಗುತ್ತದೆ. ಪಿಐಒನಲ್ಲಿ ಪ್ರತಿಯೊಂದನ್ನೂ ಸಿಪಿಯು ತಾನೇ ಹೊತ್ತು ಸಾಗಿಸಬೇಕು. ಡಿಎಂಎಯ ವೇಗದ ಬಗೆ ಅಲ್ಟ್ರಾ ಡಿಎಂಎ (ಯುಡಿಎಂಎ) 5ರ ಮಿತಿ ಸೆಕೆಂಡಿಗೆ 100 ಎಂಬಿ. ಪಿಐಒ 4ರದ್ದು ಕಾಗದದ ಮೇಲೆ 16.7, ಕೈಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ತಪ್ಪುಗಳು ಸೇರುತ್ತಾ ಹೋದಂತೆ ಎಕ್ಸ್‌ಪಿ ತಾನಾಗಿ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಪಿಐಒಗೆ ಬಂದು ಕೂರುತ್ತದೆ. ಒಂದು ಮೆಸೇಜೂ ತೋರಿಸುವುದಿಲ್ಲ.

ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ಡಿಎಂಎ ವಾಪಸ್ ಬರುತ್ತೆ. ಆದರೆ ಕೇಬಲ್ ಸರಿ ಇಲ್ಲದಿದ್ದರೆ ಮತ್ತೆ ಬೀಳುತ್ತೆ. ಹಾಗಾಗಿ ಮೊದಲು ಕ್ಯಾಬಿನೆಟ್ ಬಿಚ್ಚಿದೆ. ಚಪ್ಪಟೆ ಕೇಬಲ್ ಡಿವಿಡಿ ಡ್ರೈವಿನ ಮೂಲೆಗೆ ಸಿಕ್ಕಿ ಮಡಚಿಕೊಂಡಿತ್ತು. ಮಡಿಕೆಯ ಗೆರೆಯಲ್ಲಿ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಹೊಳೆಯುತ್ತಿತ್ತು.

ನನ್ನ ಡಬ್ಬದಲ್ಲಿ ಇದ್ದವು ಜಾಸ್ತಿ 40 ತಂತಿಯವು. ಅವು 33 ಎಂಬಿ ಮೇಲೆ ಹೋಗಲು ಬಿಡುವುದಿಲ್ಲ. ಬೇಕಾಗಿದ್ದು 80 ತಂತಿಯದು. ಎರಡರ ಕನೆಕ್ಟರೂ ಒಂದೇ ಅಳತೆ, 80ರದ್ದರ ತಂತಿ ಮಾತ್ರ ತೆಳ್ಳಗೆ, ಒತ್ತೊತ್ತಾಗಿ ಇರುತ್ತೆ. ಹೆಚ್ಚುವರಿ 40 ತಂತಿ ಬರೀ ಗ್ರೌಂಡ್. ಪಕ್ಕದ ತಂತಿಯ ಸಿಗ್ನಲ್ ಇದಕ್ಕೆ ತಾಗದಿರಲಿ ಅಂತ. ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಡಿಸ್ಕಿಗೆ. ಚಾನೆಲ್ ತೆಗೆದು ರೀಸ್ಟಾರ್ಟ್ ಮಾಡಿದೆ. ಅಲ್ಟ್ರಾ ಡಿಎಂಎ ಮೋಡ್ 5 ಅಂತ ಬಂತು. ಮೌಸೂ ಸಲೀಸು.

ಎಕ್ಸ್‌ಟರ್ನಲ್ ಡಿಸ್ಕನ್ನು ಹಿಂದಿನ ಪೋರ್ಟಿಗೇ ಹಾಕಿಸಿದೆ. ಮುಂದಿನದಕ್ಕೆ ಹಾಕಿದಾಗ 'ಈ ಡಿವೈಸ್ ಇನ್ನೂ ವೇಗವಾಗಿ ಓಡಬಲ್ಲದು' ಅನ್ನೋ ಅರ್ಥದ ಸೂಚನೆ ಬಂದಿತ್ತು. ಅಂದರೆ ಅಲ್ಲಿ ಓಡುತ್ತಿದ್ದುದು ಹಳೇ ನಿಧಾನದ ಯುಎಸ್‌ಬಿ ವೇಗ. ಯುಎಸ್‌ಬಿ 1.1ರ 12 ಮೆಗಾಬಿಟ್‌ನಲ್ಲಿ 40 ಜಿಬಿ ಕಳಿಸಲು ಕಾಗದದ ಲೆಕ್ಕದಲ್ಲೇ ಏಳು ಗಂಟೆಗೂ ಮೇಲೆ ಬೇಕು. ಸಾವಿರಾರು ಸಣ್ಣ ಫೈಲ್‌ಗಳಿದ್ದ ಫೋಲ್ಡರ್‌ಗಳನ್ನು ಜಿಪ್ ಮಾಡಿ ಕಳಿಸಿದೆವು.

ಸಿ7 ಸಂಖ್ಯೆ ಕಡಿಮೆಯಾಗುವುದಿಲ್ಲ, ಅದು ಹಳೇ ಬಾಕಿ ಇದ್ದ ಹಾಗೆ ಉಳಿದೇ ಇರುತ್ತೆ. ಏರಬಾರದು ಅಷ್ಟೇ. ಅದನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಪಕ್ಕಕ್ಕೆ ಅಂಟಿಸಿದೆ. ಮಡಚಿದ ಕೇಬಲನ್ನು ಅಲ್ಲೇ ಕತ್ತರಿಸಿ ಕಸಕ್ಕೆ ಹಾಕಿದೆ. ಡಬ್ಬಕ್ಕೆ ಹಾಕಿದ್ದರೆ ಇನ್ಯಾವುದೋ ಮಷೀನಿಗೆ ಸೇರಿಕೊಳ್ಳುತ್ತಿತ್ತು.