ರೂಟರ್‌ನಲ್ಲಿ ಮೀಸಲಿಟ್ಟ ಐಪಿ ಸರ್ವರ್‌ಗೆ ಯಾಕೆ ಸಿಗುತ್ತಿರಲಿಲ್ಲ?

ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಸರ್ವರ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿ, ಅದನ್ನೇ ಫೈಲ್ ಸರ್ವರ್ ಮಾಡಿಕೊಂಡಿದ್ದೇನೆ. ಮನೆಯವರ ಫೋಟೊ, ಹಾಡು, ವಿಡಿಯೊ ಎಲ್ಲ ಅದರಲ್ಲೇ ಇವೆ. ಟಿವಿ, ಫೋನು ಎಲ್ಲವೂ ಅದನ್ನು ಹುಡುಕೋದು 192.168.1.50 ಎಂಬ ಐಪಿ ಅಡ್ರೆಸ್‌ನಲ್ಲಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದಕ್ಕಿರುವ ನಂಬರಿನಲ್ಲಿ. ಅದಕ್ಕೇ ರೂಟರ್‌ನ ಸೆಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪಿನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಪೋರ್ಟಿನ ಸ್ವಂತ ಗುರುತಿನ ನಂಬರು) ಕೊಟ್ಟು ಆ ಐಪಿಯನ್ನು ಮೀಸಲಿಟ್ಟೆ. ಸರ್ವರ್ ರೀಬೂಟ್ ಮಾಡಿ ನೋಡಿದರೆ ಸಿಕ್ಕಿದ್ದು 192.168.1.117!

ಸರ್ವರ್‌ನಲ್ಲೇ ಸ್ಟ್ಯಾಟಿಕ್ (ಬದಲಾಗದ) ಐಪಿ ಬರೆದುಬಿಟ್ಟರೆ ಆಯ್ತಲ್ವಾ ಅಂತ ಕೇಳುವವರಿದ್ದಾರೆ. ಬರೆಯಬಹುದು, ಆದರೆ ನನಗೆ ಅದು ಇಷ್ಟವಿಲ್ಲ. ಆ ನಂಬರು ರೂಟರ್ ಹಂಚುವ ಸಾಲಿನ ಒಳಗಿದ್ದರೆ, ರೂಟರ್ ಅದನ್ನೇ ಯಾವುದೋ ಫೋನಿಗೂ ಕೊಟ್ಟುಬಿಡಬಹುದು. ಎರಡಕ್ಕೂ ಒಂದೇ ಐಪಿ ಬಂದರೆ ಕನೆಕ್ಷನ್ ಒಮ್ಮೆ ಬರುತ್ತೆ, ಒಮ್ಮೆ ಹೋಗುತ್ತೆ. ಇನ್ನು ಹೊಸ ರೂಟರ್ ತಂದು, ಅದು 192.168.0 ಎಂದು ಶುರುವಾಗುವ ಅಡ್ರೆಸ್‌ಗಳನ್ನು ಕೊಡುವಂಥದ್ದಾದರೆ ಸರ್ವರ್ ಕೈಗೇ ಸಿಗುವುದಿಲ್ಲ. ಎಲ್ಲ ಲೆಕ್ಕವೂ ರೂಟರ್‌ನಲ್ಲಿ ಒಂದೇ ಕಡೆ ಇರಲಿ ಅನ್ನೋದು ನನ್ನ ಅಭಿಪ್ರಾಯ.

ಮೊದಲು ನೋಡಿದ್ದು ಮ್ಯಾಕ್ ಅಡ್ರೆಸ್. ಲ್ಯಾಪ್‌ಟಾಪಿನಲ್ಲಿ ವೈಫೈಗೆ ಒಂದು, ಕೇಬಲ್ ಪೋರ್ಟಿಗೆ ಒಂದು ಮ್ಯಾಕ್ ಇರುತ್ತೆ. 'ಐಪಿ ಲಿಂಕ್' ಕಮಾಂಡ್ ಕೊಟ್ಟು ಕೇಬಲ್ ಪೋರ್ಟಿನದ್ದನ್ನು ತಾಳೆ ನೋಡಿದೆ. ಒಂದಕ್ಷರವೂ ಬೇರೆ ಇರಲಿಲ್ಲ. ರೂಟರ್‌ನ ಪಟ್ಟಿಯಲ್ಲೂ 117ರ ಪಕ್ಕ ಅದೇ ಮ್ಯಾಕ್ ಕಾಣುತ್ತಿತ್ತು. ಅಂದರೆ ರೂಟರ್‌ಗೆ ಮ್ಯಾಕ್ ಗೊತ್ತಿದೆ, ಆದರೂ ಬೇರೆ ಐಪಿ ಕೊಡುತ್ತಿದೆ.

ಹಾಗಾದರೆ ಸರ್ವರ್ ಏನಂತ ಕೇಳುತ್ತಿದೆ? 'ನೆಟ್‌ವರ್ಕ್‌ಸಿಟಿಎಲ್ ಸ್ಟೇಟಸ್' ಜೊತೆಗೆ ಪೋರ್ಟಿನ ಹೆಸರು ಕೊಟ್ಟಾಗ ಉತ್ತರ ಸಿಕ್ಕಿತು. ರೂಟರ್‌ನಿಂದ ಐಪಿ ಕೇಳಿ ಪಡೆಯುವ ಪದ್ಧತಿಗೆ ಡಿಎಚ್‌ಸಿಪಿ ಅಂತ ಹೆಸರು. 'ಡಿಎಚ್‌ಸಿಪಿ4 ಕ್ಲೈಂಟ್ ಐಡಿ' ಎಂಬ ಸಾಲಿನಲ್ಲಿ ಮ್ಯಾಕ್ ಇರಲಿಲ್ಲ. ಅಲ್ಲಿದ್ದದ್ದು 'ಐಎಐಡಿ', 'ಡಿಯುಐಡಿ' ಎಂಬ ಮಾತು. ಮೊದಲನೆಯದು ಪೋರ್ಟಿನ ಗುರುತು, ಎರಡನೆಯದು ಇಡೀ ಯಂತ್ರದ ಗುರುತು.

ಐಪಿ ಕೇಳುವಾಗ ಯಂತ್ರ ತನ್ನ ಮ್ಯಾಕ್ ಕಳಿಸುತ್ತೆ. ಬೇಕಿದ್ದರೆ ಅದರ ಜೊತೆಗೆ ಕ್ಲೈಂಟ್ ಐಡಿ ಅಂತ ಇನ್ನೊಂದು ಗುರುತನ್ನೂ ಕಳಿಸಬಹುದು. ಡಿಎಚ್‌ಸಿಪಿ ನಿಯಮದ ಪ್ರಕಾರ, ಆ ಗುರುತು ಬಂದಿದ್ದರೆ ಯಂತ್ರವನ್ನು ಅದರಿಂದಲೇ ಗುರುತಿಸಬೇಕು. ಉಬುಂಟು ಸರ್ವರ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಂಬ ಪ್ರೋಗ್ರಾಂ. ಅದು ಯಂತ್ರದ ಮಷೀನ್-ಐಡಿಯಿಂದ (ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಂಡಿರುವ ಗುರುತಿನ ನಂಬರು) ಒಂದು ಡಿಯುಐಡಿ ಮಾಡಿ ಕಳಿಸುತ್ತೆ. ನನ್ನ ರೂಟರ್ ಅದನ್ನು ನೋಡಿ, ಇದು ಬೇರೆ ಯಾರೋ ಅಂದುಕೊಳ್ಳುತ್ತಿತ್ತು. ಎಲ್ಲ ರೂಟರ್‌ಗಳೂ ಹೀಗಲ್ಲ, ಮ್ಯಾಕ್ ಮಾತ್ರ ನೋಡಿ ಕೊಡುವವೂ ಇವೆ. ವರ್ಚುವಲ್ ಮಷೀನನ್ನು (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ನಡೆಯುವ ಇನ್ನೊಂದು ಕಂಪ್ಯೂಟರ್) ಸುಮ್ನೆ ಕಾಪಿ ಮಾಡಿದಾಗ ಎರಡಕ್ಕೂ ಒಂದೇ ಐಪಿ ಬರುವುದಕ್ಕೂ ಎಷ್ಟೋ ಸಲ ಇದೇ ಕಾರಣ: ಮಷೀನ್-ಐಡಿಯೂ ಕಾಪಿ ಆಗಿರುತ್ತೆ.

ಕಾರಣ ಗೊತ್ತಾದ ಮೇಲೆ ಕೆಲಸ ಒಂದೇ ಸಾಲಿನದು. ಉಬುಂಟುವಿನ ನೆಟ್‌ವರ್ಕ್ ಸೆಟಿಂಗ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ 'ಡಿಎಚ್‌ಸಿಪಿ4: ಟ್ರೂ' ಕೆಳಗೆ 'ಡಿಎಚ್‌ಸಿಪಿ-ಐಡೆಂಟಿಫೈಯರ್: ಮ್ಯಾಕ್' ಅಂತ ಸೇರಿಸಬೇಕು. ಎರಡೂ ಸಾಲು ಒಂದೇ ನೇರದಲ್ಲಿ ಶುರುವಾಗಬೇಕು. ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. 50 ಅಂತ ಶುರುವಾಗುವ ಕ್ಲೌಡ್-ಇನಿಟ್ ಫೈಲನ್ನು ನಾನು ಮುಟ್ಟಲಿಲ್ಲ, ಏಕೆಂದರೆ ಅದನ್ನು ಕ್ಲೌಡ್-ಇನಿಟ್ (ಆರಂಭದ ಸೆಟಿಂಗ್‌ಗಳನ್ನು ತಾನೇ ಮಾಡುವ ಪ್ರೋಗ್ರಾಂ) ಮತ್ತೆ ಬರೆದುಬಿಡಬಹುದು. 60 ಅಂತ ಶುರುವಾಗುವ ನನ್ನದೇ ಫೈಲ್ ಮಾಡಿ, ಅದರ ಮಾಲೀಕ ಮಾತ್ರ ಓದಿ ಬರೆಯುವಂತೆ ಪರ್ಮಿಷನ್ 600 ಕೊಟ್ಟೆ. ಹೆಸರಿನ ಕ್ರಮದಲ್ಲಿ ಕೊನೆಗೆ ಓದಿದ ಫೈಲಿನ ಮಾತೇ ನಡೆಯುತ್ತೆ.

ನಂತರ ಹೊಸ ಸೆಟಿಂಗನ್ನು ಪರೀಕ್ಷಿಸುವ 'ನೆಟ್‌ಪ್ಲಾನ್ ಟ್ರೈ' ಕಮಾಂಡ್ ಕೊಟ್ಟೆ. 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ಅದು ಹಳೆಯ ಸೆಟಿಂಗ್‌ಗೇ ವಾಪಸ್ ಹೋಗುತ್ತೆ. ತುಂಬ ಒಳ್ಳೆಯ ಏರ್ಪಾಡು. ಆದರೆ ಎಸ್‌ಎಸ್‌ಎಚ್‌ನಲ್ಲಿ, ಅಂದರೆ ಬೇರೆ ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ ಸರ್ವರ್ ಒಳಗೆ ಹೋಗಿ ಕೂತು ಇದನ್ನು ಮಾಡಿದರೆ, ಐಪಿ ಬದಲಾದ ಕೂಡಲೇ ಕನೆಕ್ಷನ್ ಹೋಗುತ್ತೆ, ಎಂಟರ್ ಒತ್ತಲು ಆಗುವುದಿಲ್ಲ, ಮತ್ತೆ 117ಕ್ಕೇ ಬಂದು ನಿಲ್ಲುತ್ತೆ. ಅದಕ್ಕೇ ಲ್ಯಾಪ್‌ಟಾಪಿನ ಮುಂದೆಯೇ ಕೂತು ಮಾಡಿದೆ. ಈ ಸಲ 192.168.1.50 ಬಂತು. ಕ್ಲೈಂಟ್ ಐಡಿ ಸಾಲಿನಲ್ಲೂ ಮ್ಯಾಕ್ ಕಾಣಿಸಿತು.

ಇಂಥ ತೊಂದರೆಯಲ್ಲಿ ಯಾವ ಫೈಲನ್ನೂ ತಿದ್ದುವ ಮೊದಲು, ಆ ಯಂತ್ರದಲ್ಲಿ ಐಪಿ ಕೇಳುತ್ತಿರುವ ಪ್ರೋಗ್ರಾಂ ಯಾವುದು ಅಂತ ನೋಡಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತೆ. ಹಳೆಯ ಪಾಠಗಳೆಲ್ಲ, ಅಲ್ಲಿ ಮೊದಲು ಐಪಿ ಕೇಳುತ್ತಿದ್ದ ಡಿಎಚ್‌ಸಿಪಿಸಿಡಿ ಎಂಬ ಪ್ರೋಗ್ರಾಮಿನ ಫೈಲ್ ತಿದ್ದಿ ಅನ್ನುತ್ತವೆ. ಆದರೆ 2023ರಲ್ಲಿ ಬಂದ, ಪೈ ಆಪರೇಟಿಂಗ್ ಸಿಸ್ಟಮ್‌ನ ಬುಕ್‌ವರ್ಮ್ ಆವೃತ್ತಿಯಿಂದ ಅಲ್ಲಿ ಕೆಲಸ ಮಾಡುವುದು ನೆಟ್‌ವರ್ಕ್ ಮ್ಯಾನೇಜರ್. ಆ ಫೈಲಿನಲ್ಲಿ ಎಷ್ಟೇ ಬರೆದರೂ ಅದು ಓದುವುದಿಲ್ಲ. ಬದಲಾವಣೆಯನ್ನು 'ಎನ್‌ಎಂಸಿಎಲ್‌ಐ' ಕಮಾಂಡಿನಿಂದ ಮಾಡಿ, ಆ ಕನೆಕ್ಷನ್ನನ್ನು ಮತ್ತೆ 'ಅಪ್' ಮಾಡಬೇಕು. ಅಲ್ಲಿಯವರೆಗೆ ಹಳೆಯ ಐಪಿಯೇ ಇರುತ್ತೆ.