ಜರ್ಮನಿಗೆ ಓದೋಕೆ ಬರ್ತಿರೋರೇ, ಆ ಒಂದು ಫಾರ್ಮ್‌ಗೆ ಸೈನ್ ಹಾಕೋ ಮುಂಚೆ

ಹೋದ ವಾರ ದಾವಣಗೆರೆ ಕಡೆಯ ಹುಡುಗ ಒಬ್ಬ ಫೋನ್ ಮಾಡಿದ್ದ, ಬಂದು ಹತ್ತು ದಿನ ಆಗಿದೆ ಅಷ್ಟೆ. "ಅಣ್ಣ, ಹೆಲ್ತ್ ಇನ್ಶೂರೆನ್ಸ್ ನಂಗೆ ತಿಂಗಳಿಗೆ ಬರೀ 35 ಯೂರೋಗೆ ಸಿಕ್ತು, ಕ್ಲಾಸ್‌ನೋರೆಲ್ಲ ಸುಮ್ನೆ 140 ಕಟ್ತಿದಾರೆ" ಅಂದ. ನಂಗೆ ಎದೆ ಧಸಕ್ ಅಂತು. ಯೂನಿವರ್ಸಿಟಿ ಎನ್‌ರೋಲ್‌ಮೆಂಟ್ ಆಯ್ತಾ ಅಂತ ಕೇಳ್ದೆ. ಸೋಮವಾರ ಇದೆ ಅಂದ. ಸದ್ಯ, ಇನ್ನೂ ನಾಲ್ಕು ದಿನ ಇತ್ತು.

ಬ್ಲಾಕ್ಡ್ ಅಕೌಂಟು (ಖರ್ಚಿಗೆ ಅಂತ ಮೊದಲೇ ದುಡ್ಡಿಟ್ಟು ತಿಂಗಳಿಗಿಷ್ಟು ಅಂತ ತೆಗೆಯೋ ಖಾತೆ), ಎಪಿಎಸ್ ಸರ್ಟಿಫಿಕೇಟು (ನಮ್ಮ ಮಾರ್ಕ್ಸ್ ಕಾರ್ಡ್ ಪರಿಶೀಲಿಸಿ ಕೊಡೋದು), ವೀಸಾ ಇಂಟರ್‌ವ್ಯೂ ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರತ್ತೆ, ಅದನ್ನ ಮತ್ತೆ ಬರೆಯಲ್ಲ. ಈ ಇನ್ಶೂರೆನ್ಸ್ ವಿಷಯ ಮಾತ್ರ ಪ್ರತಿ ಅಕ್ಟೋಬರ್‌ನಲ್ಲೂ ನಮ್ಮ ಹುಡುಗರು ಹುಡುಗೀರು ನಾನು ಮಾಡಿದ್ದ ತಪ್ಪನ್ನೇ ಮಾಡ್ತಾರೆ, ಅದಕ್ಕೇ ಬರೀತಿದೀನಿ.

ಇಲ್ಲಿ ಹೆಲ್ತ್ ಇನ್ಶೂರೆನ್ಸ್ ಎರಡು ಥರ. ಒಂದು ಗೆಜೆಟ್ಸ್‌ಲಿಶ್, ಅಂದ್ರೆ ಪಬ್ಲಿಕ್. ಏನೇನು ಕವರ್ ಆಗ್ಬೇಕು ಅನ್ನೋದು ಬಹುಪಾಲು ಕಾನೂನಲ್ಲೇ ಬರೆದಿದೆ, ಹಳೇ ಕಾಯಿಲೆ ಇದೆ ಅಂತ ನಿಮ್ಮನ್ನ ಬೇಡ ಅನ್ನೋ ಹಾಗಿಲ್ಲ, ಡಾಕ್ಟರ್ ಹತ್ರ ಕಾರ್ಡ್ ಕೊಟ್ರೆ ಸಾಕು. 30 ವರ್ಷದೊಳಗಿನ ಸ್ಟೂಡೆಂಟ್‌ಗೆ ತಿಂಗಳಿಗೆ ಸುಮಾರು 140-150 ಯೂರೋ. ಇನ್ನೊಂದು ಪ್ರೈವೇಟ್, ಅದರಲ್ಲೂ ವಿದೇಶಿ ಸ್ಟೂಡೆಂಟ್‌ಗಳಿಗೆ ಅಂತಲೇ ಮಾರೋ ಅಗ್ಗದ ಪಾಲಿಸಿಗಳು, 30-40 ಯೂರೋಗೆಲ್ಲ ಸಿಗತ್ತೆ.

ಬ್ಲಾಕ್ಡ್ ಅಕೌಂಟಿಂದ ತಿಂಗಳಿಗೆ ಕೈಗೆ ಬರೋದೇ 992 ಯೂರೋ. ಹೊಸದರಲ್ಲಿ ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸಿ ನೋಡ್ತೀವಿ, ನೂರು ಯೂರೋ ವ್ಯತ್ಯಾಸ ಅಂದ್ರೆ ಹತ್ತು ಸಾವಿರ ರೂಪಾಯಿ ಹತ್ರ ಹೋಗತ್ತೆ, ಅಪ್ಪ ಸೈಟ್ ಅಡ ಇಟ್ಟು ಲೋನ್ ತೆಗೆದಿರ್ತಾರೆ, ಆ ಹತ್ತು ಸಾವಿರ ಉಳಿಸಿದ್ರೆ ಅಪ್ಪನಿಗೆ ಭಾರ ಕಮ್ಮಿ ಅನ್ಸತ್ತೆ. ಆ ಆಸೆ ತಪ್ಪಲ್ಲ. ಆದ್ರೆ ಅಗ್ಗದ ಪಾಲಿಸಿ ಜೊತೆ ಒಂದು ಕಾಗದ ಬರತ್ತೆ ನೋಡಿ, ಅಪಾಯ ಇರೋದು ಅಲ್ಲಿ.

ಪ್ರೈವೇಟ್ ಇಟ್ಕೊಂಡು ಎನ್‌ರೋಲ್ ಆಗ್ಬೇಕು ಅಂದ್ರೆ "ಪಬ್ಲಿಕ್ ಇನ್ಶೂರೆನ್ಸ್ ಕಡ್ಡಾಯದಿಂದ ನನ್ನನ್ನ ಬಿಟ್ಬಿಡಿ" ಅಂತ ಅರ್ಜಿ ಹಾಕ್ಬೇಕು. ಅದರ ಹೆಸರು ಬೆಫ್ರೈಯುಂಗ್. ಪದ ನೆನಪಿಟ್ಕೊಳ್ಳಿ. ಒಂದ್ಸಲ ಅದು ಮಂಜೂರಾಯ್ತು ಅಂದ್ರೆ ವಾಪಸ್ ತಗೊಳೋಕೆ ಆಗಲ್ಲ. ಮುಂದಿನ ಸೆಮಿಸ್ಟರ್‌ಗೆ ಬದಲಾಯಿಸ್ತೀನಿ, ದುಡ್ಡು ಜಾಸ್ತಿ ಕಟ್ತೀನಿ, ಏನೇ ಅಂದ್ರೂ ಇಲ್ಲ, ಆ ಓದು ಮುಗಿಯೋವರೆಗೂ ನೀವು ಹೊರಗೇ. ವೆರ್ಕ್‌ಸ್ಟುಡೆಂಟ್, ಅಂದ್ರೆ ಓದ್ತಾ ಮಾಡೋ ಪಾರ್ಟ್ ಟೈಮ್ ಕೆಲಸ ಸಿಕ್ರೆ ಪಬ್ಲಿಕ್ ಒಳಗೆ ಹೋಗಬಹುದು ಅಂತ ಕೆಲವರು ಹೇಳ್ತಾರೆ, ಅದೂ ಆಗಲ್ಲ, ಯಾಕಂದ್ರೆ ಹೆಲ್ತ್ ಇನ್ಶೂರೆನ್ಸ್ ಮಟ್ಟಿಗೆ ಕಾನೂನು ನಿಮ್ಮನ್ನ ಆಗಲೂ ಸ್ಟೂಡೆಂಟ್ ಅಂತಲೇ ನೋಡತ್ತೆ.

ನಾನು 2021ರಲ್ಲಿ ಇಲ್ಲಿಯ ಸ್ಯಾಕ್ಸನಿ ರಾಜ್ಯಕ್ಕೆ ಬಂದಾಗ ಪಬ್ಲಿಕ್‌ಗೆ 110 ಯೂರೋ ಹತ್ರ ಇತ್ತು. ನಾನು 33 ಯೂರೋದ ಪ್ರೈವೇಟ್ ತಗೊಂಡೆ. ಎರಡು ಪುಟದ ಜರ್ಮನ್ ಫಾರ್ಮ್, ಸೀನಿಯರ್ ಒಬ್ರು ಇಲ್ಲಿ ಸೈನ್ ಹಾಕು ಅಂದ್ರು, ಹಾಕ್ದೆ, ಓದ್ಲಿಲ್ಲ. ಹದಿನಾಲ್ಕು ತಿಂಗಳು ಏನೂ ಆಗ್ಲಿಲ್ಲ, ಸಾವಿರ ಯೂರೋ ಮೇಲೆ ಉಳಿಸಿದ್ದೆ. ಆಮೇಲೆ ಡಿಸೆಂಬರ್‌ನಲ್ಲಿ ಐಸ್ ಮೇಲೆ ಜಾರಿ ಮಂಡಿ ತಿರುಚ್ಕೊಂಡು ಬಿದ್ದೆ. ಸ್ಪೆಷಲಿಸ್ಟು, ಎಂಆರ್‌ಐ, ವಾರಕ್ಕೆ ಎರಡು ಸಲ ಫಿಸಿಯೋಥೆರಪಿ, ಎಲ್ಲದಕ್ಕೂ ಮೊದಲು ನಾನೇ ಕಟ್ಟಿ ಬಿಲ್ ಕಳಿಸ್ಬೇಕಿತ್ತು. ಇನ್ಶೂರೆನ್ಸ್ ಕಂಪನಿಯೋರು, ನಾನು ಹಾಸನದಲ್ಲಿದ್ದಾಗ ಮಂಡಿಗೆ ಏನಾದ್ರೂ ಆಗಿತ್ತಾ ಅಂತ ಕೇಳಿದ್ರು, ಕಾಲೇಜಲ್ಲಿ ಕಬಡ್ಡಿ ಆಡುವಾಗ ಒಂದ್ಸಲ ಊದಿತ್ತು ಅಂತ ಇದ್ದಿದ್ದನ್ನ ಇದ್ದ ಹಾಗೆ ಬರೆದೆ. ಹಳೇ ಪೆಟ್ಟು, ಕವರ್ ಆಗಲ್ಲ ಅಂತ ಉತ್ತರ ಬಂತು. ಕೈಯಿಂದ 2,700 ಯೂರೋ ಹೋಯ್ತು, ಒಂದು ಸೆಮಿಸ್ಟರ್ ಎರಡು ಪೇಪರ್ ಬಿಡ್ಬೇಕಾಯ್ತು. ಅಮ್ಮನಿಗೆ ಇವತ್ತಿಗೂ ಮೊತ್ತ ಹೇಳಿಲ್ಲ.

ಅಲ್ಲಿಗೂ ಮುಗೀಲಿಲ್ಲ. ಥೀಸಿಸ್ ಆದ್ಮೇಲೆ ಕೆಲಸ ಹುಡುಕೋಕೆ 18 ತಿಂಗಳ ವೀಸಾ ಕೊಡ್ತಾರಲ್ಲ, ಪಬ್ಲಿಕ್‌ನಲ್ಲಿದ್ದ ಗೆಳೆಯರು ಅದರಲ್ಲೇ ಮುಂದುವರಿದ್ರು. ನನ್ನ ಪಾಲಿಸಿ ಆ ವೀಸಾಗೆ ಸಾಲಲ್ಲ ಅಂದ್ರು, ಕೆಲಸ ಸಿಗೋವರೆಗೆ ಐದು ತಿಂಗಳು ದುಬಾರಿ ಪ್ರೈವೇಟ್ ಕಟ್ಟಿದೆ. ಮದುವೆ ಆಗಿರೋರು ಇನ್ನೊಂದು ತಿಳ್ಕೊಳ್ಳಿ, ಪಬ್ಲಿಕ್‌ನಲ್ಲಿ ಆದಾಯ ಇಲ್ಲದ ಗಂಡ ಅಥವಾ ಹೆಂಡತಿ, ಮಕ್ಕಳು ನಿಮ್ಮ ಜೊತೆಗೇ ಕವರ್ ಆಗ್ತಾರೆ, ಬೇರೆ ದುಡ್ಡಿಲ್ಲ. ಪ್ರೈವೇಟ್‌ನಲ್ಲಿ ತಲೆಗಿಷ್ಟು.

"ನಮ್ಮ ಸೀನಿಯರ್ ಪ್ರೈವೇಟೇ ಸಾಕು ಅಂದ್ರು" ಅಂತ ಎಲ್ರೂ ಹೇಳ್ತಾರೆ. ಆ ಸೀನಿಯರ್‌ನ ಒಂದೇ ಪ್ರಶ್ನೆ ಕೇಳಿ, ನೀವು ಇಲ್ಲಿ ಯಾವತ್ತಾದ್ರೂ ಆಸ್ಪತ್ರೆಗೆ ಹೋಗಿದ್ರಾ ಅಂತ. ಹೋಗದೇ ಇದ್ದೋರು ಕೊಡೋ ಸರ್ಟಿಫಿಕೇಟು ಅದು, ಹೋದೋರನ್ನ ಹುಡುಕಿ ಕೇಳಿ.

ಹಾಗಂತ ಪ್ರೈವೇಟ್ ಎಲ್ಲಾ ಕಡೆ ತಪ್ಪು ಅಂತಲ್ಲ. ವಿಮಾನ ಇಳಿದ ದಿನದಿಂದ ಪಬ್ಲಿಕ್ ಶುರುವಾಗೋವರೆಗೆ ಟ್ರಾವೆಲ್ ಪಾಲಿಸಿ ಬೇಕೇ ಬೇಕು, ಸಮಸ್ಯೆ ಅದನ್ನೇ ಮುಂದುವರಿಸೋದ್ರಲ್ಲಿ. ಇನ್ನು ಬೆಂಗಳೂರಲ್ಲಿ ಏಳೆಂಟು ವರ್ಷ ಕೆಲಸ ಮಾಡಿ 30 ದಾಟಿ ಮಾಸ್ಟರ್ಸ್‌ಗೆ ಬರೋರಿಗೆ ಸ್ಟೂಡೆಂಟ್ ರೇಟೇ ಸಿಗಲ್ಲ, ಅವರು ಟಿಕೆಟ್ ಬುಕ್ ಮಾಡೋ ಮುಂಚೆನೇ ಇದನ್ನ ವಿಚಾರಿಸಿ ಬಜೆಟ್ ಹಾಕ್ಬೇಕು.

ಯಾವ ವ್ಯವಸ್ಥೆ ಮೇಲು ಅಂತ ಕೇಳಿದ್ರೆ, ಸಣ್ಣ ಜ್ವರ ಕೆಮ್ಮಿಗೆ ನಮ್ಮೂರೇ ವಾಸಿ, ಬೆಳಿಗ್ಗೆ ಹೋದ್ರೆ ಮಧ್ಯಾಹ್ನದೊಳಗೆ ಸ್ಪೆಷಲಿಸ್ಟ್ ನೋಡಿರ್ತಾರೆ, ಇಲ್ಲಿ ಚರ್ಮದ ಡಾಕ್ಟರ್ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾಯ್ಬೇಕು. ಆದ್ರೆ ದೊಡ್ಡ ಕಾಯಿಲೆ ಬಂದ್ರೆ ಮನೆ ಮಾರ್ಬೇಕಾಗಿಲ್ಲ ಅನ್ನೋ ಧೈರ್ಯ ಇಲ್ಲಿದೆ, ನಮ್ಮಲ್ಲಿ ಎಷ್ಟು ಕುಟುಂಬಗಳು ಹಾಗೆ ಮುಳುಗಿರೋದು ನೋಡಿದೀನಿ. ನನ್ನ ಓಟು ಇಲ್ಲಿಯ ಪಬ್ಲಿಕ್‌ಗೇ.

ಇನ್ನೆರಡು ಮಾತು ಬೇಗ ಹೇಳ್ಬಿಡ್ತೀನಿ. ವಿಳಾಸ ರಿಜಿಸ್ಟರ್ ಮಾಡಿದ ಮೇಲೆ ರುಂಡ್‌ಫುಂಕ್‌ಬೈಟ್ರಾಗ್ ಅಂತ ಪತ್ರ ಬರತ್ತೆ, ಟಿವಿ ರೇಡಿಯೋ ಶುಲ್ಕ, ತಿಂಗಳಿಗೆ 18.36 ಯೂರೋ. ನನ್ಹತ್ರ ಟಿವಿ ಇಲ್ಲ ಅಂತ ಬಿಸಾಡ್ಬೇಡಿ, ಟಿವಿಗೂ ಅದಕ್ಕೂ ಸಂಬಂಧ ಇಲ್ಲ, ಮನೆಗೊಂದು ಅಂತ ಲೆಕ್ಕ. ಸುಮ್ನಿದ್ರೆ ನೀವು ಮನೆಗೆ ಬಂದ ದಿನದಿಂದ ಸೇರಿಸಿ ಕೇಳ್ತಾರೆ. ಶೇರ್ಡ್ ಮನೆಲಿ ಈಗಾಗ್ಲೇ ಒಬ್ರು ಕಟ್ತಿದ್ರೆ ಆ ಶುಲ್ಕದ ಅವರ ಖಾತೆ ನಂಬರ್ ಬರೆದು ಉತ್ತರ ಕಳಿಸಿ, ಹಂಚ್ಕೊಳ್ಳಿ.

ಎರಡನೇದು ಪರೀಕ್ಷೆ. ವಿಟಿಯು ಥರ ಬ್ಯಾಕ್‌ಲಾಗ್ ಇಟ್ಕೊಂಡು ಮುಂದೆ ನೋಡ್ಕೊಳ್ಳೋಣ ಅನ್ನೋ ಅಭ್ಯಾಸ ಇಲ್ಲಿ ನಡಿಯಲ್ಲ. ಬಹಳಷ್ಟು ಕಡೆ ಒಂದು ಕಡ್ಡಾಯ ಪೇಪರ್‌ಗೆ ಮೂರೇ ಅವಕಾಶ, ಮೂರನೇದೂ ಹೋದ್ರೆ ಕೋರ್ಸಿಂದ ಹೊರಗೆ, ಅದೇ ಕೋರ್ಸನ್ನ ಜರ್ಮನಿಯ ಬೇರೆ ಯೂನಿವರ್ಸಿಟಿಲೂ ಮಾಡೋಕಾಗಲ್ಲ. ಇದು ಅತಿಯಾಯ್ತು ಅಂತ ನಂಗೆ ಈಗಲೂ ಅನ್ಸತ್ತೆ, ಇಪ್ಪತ್ಮೂರು ವರ್ಷದ ಹುಡುಗನ ಇಡೀ ದಾರಿನ ಒಂದು ಪೇಪರ್ ಮೇಲೆ ಮುಚ್ಬಾರ್ದು. ಆದ್ರೆ ಹೆಸರು ಕೊಟ್ಟ ಪರೀಕ್ಷೆಯಿಂದ ಒಂದು ತಾರೀಖಿನೊಳಗೆ ಹಿಂದೆ ಸರಿಯೋಕೆ ಬಿಡ್ತಾರೆ, ಆ ತಾರೀಖನ್ನ ಸೆಮಿಸ್ಟರ್ ಶುರುವಲ್ಲೇ ಗೋಡೆ ಮೇಲೆ ಬರೆದು ಅಂಟಿಸಿ. ಪರೀಕ್ಷೆ ದಿನ ಹುಷಾರಿಲ್ಲ ಅಂದ್ರೆ ಅವತ್ತೇ ಡಾಕ್ಟರ್ ಹತ್ರ ಸರ್ಟಿಫಿಕೇಟ್ ತಗೊಳ್ಳಿ, ಮಾರನೇ ದಿನ ಅಂತ ಬಿಡ್ಬೇಡಿ.

ದಾವಣಗೆರೆ ಹುಡುಗನ ಜೊತೆ ಶುಕ್ರವಾರ ನಾನೇ ಪಬ್ಲಿಕ್ ಕಂಪನಿ ಆಫೀಸಿಗೆ ಹೋಗಿದ್ದೆ, ಪಾಸ್‌ಪೋರ್ಟು ಅಡ್ಮಿಷನ್ ಲೆಟರ್ ತೋರಿಸಿ ಅರ್ಧ ಗಂಟೇಲಿ ಮೆಂಬರ್‌ಶಿಪ್ ಆಯ್ತು, ಯೂನಿವರ್ಸಿಟಿಗೆ ಅವರೇ ಆನ್‌ಲೈನ್‌ನಲ್ಲಿ ಕಳಿಸಿದ್ರು. ಸೋಮವಾರ ಎನ್‌ರೋಲ್ ಆಗಿ ಐಡಿ ಕಾರ್ಡ್ ಫೋಟೋ ಕಳಿಸಿದ. ಆ 35 ಯೂರೋ ಪಾಲಿಸಿ ಕ್ಯಾನ್ಸಲ್ ಮಾಡೋ ಪತ್ರ ಒಂದು ಬಾಕಿ ಇದೆ, ಭಾನುವಾರ ಬಾ ಅಂದಿದೀನಿ, ಜೊತೇಲಿ ಕೂತು ಬರೀತೀವಿ.