ಗಟ್ ಟೆಸ್ಟ್ ರಿಪೋರ್ಟ್ ಬಂದಿದ್ಯಾ? ಸ್ವಲ್ಪ ತಡೀರಿ
ಗಟ್ ಮೈಕ್ರೋಬಯೋಮ್ (ಕರುಳಲ್ಲಿರೋ ಬ್ಯಾಕ್ಟೀರಿಯಾಗಳಂಥ ಸೂಕ್ಷ್ಮಜೀವಿಗಳು) ರಿಪೋರ್ಟಲ್ಲಿ ಕೆಂಪು ಬಣ್ಣ ನೋಡಿ ಗಾಬರಿ ಆಗ್ಬೇಡಿ, ಬ್ಲಡ್ ಶುಗರ್ ಥರ ಇದಕ್ಕೆ ಎಲ್ಲರೂ ಒಪ್ಪಿದ ನಾರ್ಮಲ್ ರೇಂಜ್ ಇನ್ನೂ ಇಲ್ಲ, ಒಂದೇ ಮಲದ ಸ್ಯಾಂಪಲ್ ಎರಡು ಲ್ಯಾಬಿಗೆ ಕೊಟ್ರೆ ರಿಸಲ್ಟ್ ಬೇರೆ ಬೇರೆ ಬರ್ಬಹುದು, ಇತ್ತೀಚೆಗೆ ಆಂಟಿಬಯೋಟಿಕ್ ತಗೊಂಡಿದ್ರಂತೂ ಡೈವರ್ಸಿಟಿ ಸ್ಕೋರ್ (ಎಷ್ಟು ಬಗೆಯ ಸೂಕ್ಷ್ಮಜೀವಿಗಳಿವೆ ಅನ್ನೋ ಅಳತೆ) ಇಳಿದಿರೋದು ಮಾಮೂಲಿ. ರಿಪೋರ್ಟ್ ಜೊತೆಗೇ ಮಾರೋ ದುಬಾರಿ ಪ್ರೋಬಯೋಟಿಕ್ (ಒಳ್ಳೇ ಬ್ಯಾಕ್ಟೀರಿಯಾ ಇರೋ ಸಪ್ಲಿಮೆಂಟ್) ಡಬ್ಬಿ ನನ್ ಪ್ರಕಾರ ಬೇಡ. ಹುರುಳಿ, ಹೆಸರುಕಾಳು, ಸೊಪ್ಪು, ರಾಗಿ ಬದಲಾಯಿಸ್ತಾ ತಿನ್ನಿ, ಆದ್ರೆ ನಾರು ಒಮ್ಮೆಲೇ ಜಾಸ್ತಿ ಮಾಡಿದ್ರೆ ಹೊಟ್ಟೆ ಉಬ್ಬರ ಗ್ಯಾರಂಟಿ, ನಿಧಾನಕ್ಕೆ ಏರಿಸಿ. ಮೊಸರು ಮಜ್ಜಿಗೆ ಇರ್ಲಿ, 2021ರ ಸ್ಟ್ಯಾನ್‌ಫರ್ಡ್ ಸ್ಟಡೀಲಿ ಹುದುಗಿಸಿದ ಆಹಾರ ತಿಂದೋರಿಗೆ ಡೈವರ್ಸಿಟಿ ಏರಿತ್ತು (ಇಡ್ಲಿ ಲೆಕ್ಕಕ್ಕಿಲ್ಲ, ಬೇಯಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತೆ). ಮಲದಲ್ಲಿ ರಕ್ತ ಬಂದ್ರೆ, ಕಾರಣ ಇಲ್ದೆ ತೂಕ ಇಳಿದ್ರೆ ಈ ಟೆಸ್ಟೆಲ್ಲಾ ಬಿಟ್ಟು ಸೀದಾ ಗ್ಯಾಸ್ಟ್ರೋ ಡಾಕ್ಟರ್ ಹತ್ರ ಹೋಗಿ.